ಕಣ್ಣರೆಪ್ಪೆಯ ಅಳತೆ

ಹನ್ನೊಂದು ದಿನದಿಂದ ಉಸ್ತಾ ಬಸ್ಯೂನಿ ಮಗಳ ಹಾವಿನ ಮೊಟ್ಟೆಗಳನ್ನು ಮಗುಚಿಡುತ್ತಿದ್ದ. ಅದು ಕದ್ದು ಮಾಡುವ ಕೆಲಸ ಎಂದು ಅವನಿಗೆ ಅನ್ನಿಸಿರಲೇ ಇಲ್ಲ. ಮಗಳು ಇನ್ಶಿರಾಹ್ ಬೆಳಿಗ್ಗೆ ಏಳರ ಮೈಕ್ರೋಬಸ್ ಹಿಡಿದು ಟಂಟಾದ ರಕ್ತಪರೀಕ್ಷೆಯ ಲ್ಯಾಬಿಗೆ ಹೊರಟುಹೋದ ಮೇಲೆ ಅವನು ಎರಡನೇ ಲೋಟ ಚಹಾ ಮುಗಿಸಿ, ಮೊಣಕೈವರೆಗೆ ಕೈ ತೊಳೆದು, ಅವಳ ಕೋಣೆಯ ಮೂಲೆಯಲ್ಲಿದ್ದ ಕರೆಂಟಿನಿಂದ ಕಾವು ಕೊಡುವ ಬಿಳಿ ಥರ್ಮಾಕೋಲ್ ಪೆಟ್ಟಿಗೆಯ ಮುಂದೆ ಮಂಡಿಯೂರುತ್ತಿದ್ದ. ಮುಚ್ಚಳ ಸರಿಸಿದರೆ ಒದ್ದೆ ಮಣ್ಣಿನ ವಾಸನೆಯ ಬೆಚ್ಚನೆ ಹಬೆ ಮುಖಕ್ಕೆ ಬಡಿಯುತ್ತಿತ್ತು. ಆ ಹಬೆಗೆ ಅವನ ಬೆನ್ನು ತಾನಾಗಿ ಬಾಗುತ್ತಿತ್ತು, ಐವತ್ತು ವರ್ಷ ಬಾಗಿದ ಅಭ್ಯಾಸಕ್ಕೆ.

ಒಳಗೆ ಎಂಟು ಮೊಟ್ಟೆ. ಐದು ಒಂದಕ್ಕೊಂದು ಅಂಟಿಕೊಂಡು ಖರ್ಜೂರದ ಗೊಂಚಲಿನಂತಿದ್ದವು. ಅವನ್ನು ಬಿಡಿಸಲು ಅವನಿಗೆ ಧೈರ್ಯ ಬರಲಿಲ್ಲ. ಉಳಿದ ಮೂರು ಬಿಡಿಬಿಡಿ. ಕೋಳಿಮೊಟ್ಟೆಯ ಹಾಗೆ ಗಟ್ಟಿ ಚಿಪ್ಪಲ್ಲ, ಹದ ಮಾಡಿದ ಚರ್ಮದಂಥ ಮೆತ್ತನೆ ಸಿಪ್ಪೆ. ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ, ರೆಪ್ಪೆಗೆ ಒತ್ತಿ ಶಾಖ ನೋಡುತ್ತಿದ್ದ. ಕೋಳಿಮೊಟ್ಟೆಗಿಂತ ಒಂದಿಷ್ಟು ತಣ್ಣಗೆ, ಕುಡಿಯಲು ಮರೆತ ಚಹಾದ ಲೋಟದಷ್ಟು. ಆಮೇಲೆ ಮೆಲ್ಲಗೆ ಮಗುಚಿ ಇಡುತ್ತಿದ್ದ.

ಪ್ರತಿ ಮೊಟ್ಟೆಯ ನೆತ್ತಿಯ ಮೇಲೂ ಮಗಳು ಪೆನ್ಸಿಲಿನಲ್ಲಿ ಒಂದು ಇಂಟು ಗುರುತು ಹಾಕಿದ್ದಳು. ಆ ಗುರುತು ಮೊದಲು ಕಣ್ಣಿಗೆ ಬಿದ್ದ ದಿನ ಬಸ್ಯೂನಿ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದ್ದ. ಊರು ಅವನನ್ನು ಉಸ್ತಾ, ಅಂದರೆ ಕಸುಬಿನ ಗುರು, ಎಂದು ಕರೆದದ್ದೇ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಅವನ ಮರಿಗೂಡಿನಿಂದ. ಅಲ್ಲೂ ಹೀಗೇ. ಮನುಷ್ಯ ತೆವಳಿ ಹೋಗುವಷ್ಟು ದೊಡ್ಡ ಮಣ್ಣಿನ ಒಲೆಗಳಲ್ಲಿ ಜೋಡಿಸಿದ ಸಾವಿರ ಸಾವಿರ ಮೊಟ್ಟೆಗಳಿಗೆ ಒಂದು ಮಗ್ಗುಲಿಗೆ ಇದ್ದಿಲ ಗುರುತು. ಬೆಳಿಗ್ಗೆ ಗುರುತು ಕೆಳಗೆ, ಸಂಜೆ ಗುರುತು ಮೇಲೆ. ಯಾವುದು ಮಗುಚಿದೆ, ಯಾವುದು ಮರೆತಿದೆ ಎಂದು ಒಂದೇ ನೋಟಕ್ಕೆ ತಿಳಿಯಬೇಕು. ಹುಡುಗಿ ಅಪ್ಪನ ಕಸುಬು ಮರೆತಿಲ್ಲ, ಗುರುತೇನೋ ಹಾಕಿದಾಳೆ, ಪಾಪ ಮಗುಚೋಕೆ ಪುರುಸೊತ್ತಿಲ್ಲ ಅಂದುಕೊಂಡ. ಬೆಳಿಗ್ಗೆ ಮಗುಚಿದ್ದನ್ನು ಅವಳು ಬರುವ ಹೊತ್ತಿಗೆ ಮತ್ತೆ ಮಗುಚಿಟ್ಟಿರುತ್ತಿದ್ದ. ಸಂಜೆ ಅವಳು ಮುಚ್ಚಳ ತೆಗೆದರೆ ಎಂಟೂ ಗುರುತು ಮೇಲೇ ಇರುತ್ತಿದ್ದವು.

ಮರಿಗೂಡು ಈಗ ಇರಲಿಲ್ಲ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಗದ ಹಿಡಿದ ಒಬ್ಬ ಅಧಿಕಾರಿ, ಅವನ ಹಿಂದೆ ಒಂದು ಹಳದಿ ಯಂತ್ರ. ಹಕ್ಕಿಗಳ ರೋಗ, ಅವೈಜ್ಞಾನಿಕ ಪದ್ಧತಿ, ಸಾರ್ವಜನಿಕ ಹಿತ ಎಂದು ಕಾಗದ ಓದಿದ. ಹದಿನಾಲ್ಕು ಒಲೆ, ಬಸ್ಯೂನಿಯ ತಾತನ ತಾತ ಮೆತ್ತಿದ ಗೋಡೆ, ಮಧ್ಯಾಹ್ನದ ಪ್ರಾರ್ಥನೆಯ ಕರೆಗೆ ಮೊದಲು ನೆಲಸಮ. ರೋಗ ಯಾವ ಮೊಟ್ಟೆಯಲ್ಲಿತ್ತು ಎಂದು ಯಾರೂ ತೋರಿಸಲಿಲ್ಲ. ಮರುವಾರವೇ ಯಂತ್ರದ ಮರಿಗಳನ್ನು ತುಂಬಿದ ಕಂಪನಿಯ ಲಾರಿ ಊರಿಗೆ ಬಂತು. ಬಡವನ ಜಾಣ್ಮೆಗೆ ರೋಗ ಅಂತ ಹೆಸರಿಡುವುದು, ಆಮೇಲೆ ಅದೇ ಬಡವನಿಗೆ ಮದ್ದು ಮಾರುವುದು. ನೈಲ್ ನದಿಯ ಈ ಬಯಲಿನಲ್ಲಿ ಫೇರೋಗಳ ಕಾಲದಿಂದ ಇದೊಂದು ವ್ಯಾಪಾರಕ್ಕೆ ಮಾತ್ರ ನಷ್ಟ ಬಂದಿಲ್ಲ. ಅಂದಿನಿಂದ ಬಸ್ಯೂನಿಯ ಕೈಗಳು ಮಂಡಿಯ ಮೇಲೆ ಸುಮ್ಮನೆ ಕೂತಿದ್ದವು. ಊಟ ಮಾಡುವಾಗ ರೊಟ್ಟಿಯನ್ನು ಎರಡು ಸಲ ಮಗುಚುತ್ತಿದ್ದ.

ಅವನು ಮಗುಚತೊಡಗಿದ ಹನ್ನೆರಡನೆಯ ದಿನ ಟಂಟಾದಲ್ಲಿ ಬೆಳಿಗ್ಗೆಯೇ ಕರೆಂಟು ಹೋಗಿ ಲ್ಯಾಬು ಮುಚ್ಚಿತು. ಇನ್ಶಿರಾಹ್ ಹನ್ನೆರಡೂವರೆಗೆ ಮನೆಯಲ್ಲಿದ್ದಳು. ಚೀಲ ಇಳಿಸಿದವಳೇ ಪೆಟ್ಟಿಗೆಯ ಹತ್ತಿರ ಹೋದಳು. ಬಸ್ಯೂನಿ ಅಡುಗೆಮನೆಯಲ್ಲಿ ಬೇಯಿಸಿದ ಫೂಲ್ ಕಾಳಿಗೆ ನಿಂಬೆ ಹಿಂಡುತ್ತಿದ್ದ.

"ಅಪ್ಪಾ, ಮೂರು ಮೊಟ್ಟೆ ಗುರುತು ಎಲ್ಲೋಯ್ತು?"

"ಕೆಳಗಿದೆ ಕಣಮ್ಮ. ಈಗ ಕೆಳಗಿರೋ ಹೊತ್ತಲ್ವ?"

"ಕೆಳಗಿರೋ ಹೊತ್ತು ಅಂದ್ರೆ?"

"ಸಂಜೆ ಮೇಲಕ್ಕೆ ಬರುತ್ತೆ. ನೀನು ತಲೆ ಕೆಡಿಸ್ಕೋಬೇಡ, ಒಂದು ದಿನಾನೂ ತಪ್ಪಿಸಿಲ್ಲ ನಾನು."

ನಿಂಬೆಯ ಹೋಳು ಕೈಯಲ್ಲೇ ಹಿಡಿದು ಅವನು ಬಂದು ನೋಡಿದಾಗ ಮಗಳು ನೆಲದ ಮೇಲೆ ಕೂತಿದ್ದಳು. ಮೂವತ್ತೆರಡು ವರ್ಷದ ಹೆಂಗಸು, ಹತ್ತು ವರ್ಷದವಳಂತೆ.

"ಎಷ್ಟು ದಿನದಿಂದ?"

"ಮೊಟ್ಟೆ ಇಟ್ಟ ಮೂರನೇ ದಿನದಿಂದ."

"ದಿನಕ್ಕೆ?"

"ಎರಡು ಸಲ. ಮೂರು ಸಲ ಮಾಡ್ಬೇಕು ಅಸಲಿಗೆ, ಮಧ್ಯಾಹ್ನ ನಿದ್ದೆ ಹತ್ತಿಬಿಡುತ್ತೆ ನಂಗೆ."

ಅವಳು ಅಲೆಕ್ಸಾಂಡ್ರಿಯಾದ ಶೌಕತ್‌ಗೆ ಫೋನು ಮಾಡಿದಳು. ಹಾವು ಸಾಕುವವರ ಗುಂಪಿನಲ್ಲಿ ಹಳೆಯ ಕೈ ಅವನು. ಗಂಡು ಹಾವನ್ನು ಎರವಲು ಕೊಟ್ಟವನೂ ಅವನೇ. ಆ ಗಂಡು ನಾಲ್ಕು ತಿಂಗಳು ಈ ಮನೆಯಲ್ಲಿ ಅಳಿಯನ ಹಾಗೆ ತಿಂದುಂಡು ಹೋಗಿತ್ತು. ಶೌಕತ್‌ನ ದನಿ ಫೋನಿನಿಂದ ಕೋಣೆಯ ತುಂಬ ಕೇಳಿಸಿತು.

"ಅಯ್ಯೋ ತಾಯಿ, ಅದೇನು ಕೋಳಿಮೊಟ್ಟೇನಾ? ಒಂದೆರಡು ದಿನಕ್ಕೆ ಮರಿ ಮೇಲಿನ ಸಿಪ್ಪೆಗೆ ಕಚ್ಕೊಂಡುಬಿಡುತ್ತೆ. ಆಮೇಲೆ ಮಗುಚಿದ್ರೆ ಒಳಗೇ ಮುಳುಗಿ ಸಾಯುತ್ತೆ. ಅದಕ್ಕೇ ತಾನೇ ಗುರುತು ಹಾಕು ಅಂದಿದ್ದು, ಮೇಲಿದ್ದದ್ದು ಮೇಲೇ ಇರಲಿ ಅಂತ! ಆ ಮೂರನ್ನ ಮರೆತುಬಿಡು. ಎತ್ತಿ ಬಿಸಾಕು, ಬೂಸ್ಟು ಹತ್ತಿದ್ರೆ ಉಳಿದ ಐದಕ್ಕೂ ಹರಡುತ್ತೆ. ನಿಮ್ಮಪ್ಪ ದೊಡ್ಡ ಉಸ್ತಾ ಅಂತಿದ್ದೆ, ಇಷ್ಟೂ ತಿಳೀದಾ ಮನುಷ್ಯಂಗೆ?"

ಬಸ್ಯೂನಿ ನಿಂಬೆಯ ಹೋಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಮರಿಗೂಡು ಕೆಡವಿದ ದಿನವೂ ಯಾರೂ ಅವನಿಗೆ ತಿಳೀದಾ ಎಂದು ಕೇಳಿರಲಿಲ್ಲ. ಕಾಗದದಲ್ಲಿ ಬೈದಿದ್ದರು, ಕಾಗದಕ್ಕೆ ಅವನು ಹೆದರುವವನಲ್ಲ, ಓದು ಬರುತ್ತಿರಲಿಲ್ಲವಲ್ಲ. ಇದು ಮಾತ್ರ ನೆಟ್ಟಗೆ ಎದೆಗೇ ಬಂತು, ಯಾಕೆಂದರೆ ನಿಜವಾಗಿತ್ತು.

ಇನ್ಶಿರಾಹ್ ಮೊದಲ ಮೊಟ್ಟೆಗೆ ಕೈ ಹಾಕಿದಳು.

"ನಿಲ್ಲು," ಎಂದ. "ಬಿಸಾಕೋದಾದ್ರೆ ಬಿಸಾಕು. ಆದ್ರೆ ಬೆಳಕಿಗೆ ಹಿಡೀದೆ ಬಿಸಾಕಬೇಡ. ನನ್ನ ಗೂಡಲ್ಲಿ ಒಂದು ಮೊಟ್ಟೇನೂ ಬೆಳಕಿಗೆ ಹಿಡೀದೆ ಹೊರಗೆ ಹೋಗಿಲ್ಲ."

ಅವಳು ಅವನ ಮುಖ ನೋಡಲಿಲ್ಲ. ಆದರೆ ಮೂರರ ಗುರುತನ್ನೂ ಮೇಲೆ ಮಾಡಿ, ಕಿಟಕಿ ಮುಚ್ಚಿ, ಫೋನಿನ ಬೆಳಕನ್ನು ಪಕ್ಕದಿಂದ ಬಿಟ್ಟಳು. ಮೊದಲನೆಯದು ಬರಿಯ ಹಳದಿ, ಹಳೇ ಎಣ್ಣೆಯ ಹಾಗೆ. ಎರಡನೆಯದರಲ್ಲಿ ಒಂದು ನೂಲಿನೆಳೆ, ಇದೆಯೋ ಇಲ್ಲವೋ ಎಂಬಷ್ಟು. ಮೂರನೆಯದರಲ್ಲಿ ಕೆಂಪು ನರಗಳು ಕಾಲುವೆಯ ಕವಲುಗಳಂತೆ ಹರಡಿದ್ದವು.

"ಇದು ಬದುಕಿದೆ," ಎಂದ ಬಸ್ಯೂನಿ.

"ಇವತ್ತಿಗೆ," ಎಂದಳು ಮಗಳು. ಹಳದಿಯದನ್ನು ತೆಗೆದು ಕಾಗದದಲ್ಲಿ ಸುತ್ತಿದಳು. ಎರಡನ್ನು ಉಳಿಸಿದಳು. "ಇವತ್ತಿಂದ ಈ ಪೆಟ್ಟಿಗೆಗೆ ನಿನ್ನ ಕೈ ತಾಗಬಾರ್ದು ಅಪ್ಪ. ಒಂದು ಬೆರಳೂ. ಮೂರು ವರ್ಷ ಕಾದಿದೀನಿ ನಾನು ಇದಕ್ಕೆ."

"ಆಗಲಿ."

"ಅಮ್ಮನ ಆಣೆ ಇಡು."

"ತೀರಿಹೋದವಳನ್ನ ಯಾಕಮ್ಮ ಎಬ್ಬಿಸ್ತೀಯ," ಎಂದ. ಆಮೇಲೆ ಆಣೆ ಇಟ್ಟ.

ಮೂರು ವರ್ಷ ಅವಳು ಕಾದಿದ್ದು ಸುಳ್ಳಲ್ಲ. ಬಸ್ಬೂಸಾ ಎಂಬ ಆ ಹಾವು ಲ್ಯಾಬಿಗೆ ಬರುತ್ತಿದ್ದ ಯಾವನೋ ವಿದ್ಯಾರ್ಥಿ ಊರು ಬಿಡುವಾಗ ಚಪ್ಪಲಿ ಡಬ್ಬಿಯಲ್ಲಿ ಬಿಟ್ಟುಹೋದದ್ದು. ಎಲುಬು ಎದ್ದು ಕಾಣುತ್ತಿತ್ತು. ಈಗ ತೋಳಿನಷ್ಟು ದಪ್ಪ. ಪಾಕ ಕುಡಿದ ರವೆ ಮಿಠಾಯಿಯ ಬಣ್ಣ, ಅದಕ್ಕೇ ಆ ಹೆಸರು. ಹೆದರಿದರೆ ಕಚ್ಚುವುದಿಲ್ಲ, ತಲೆ ಒಳಗಿಟ್ಟು ಚೆಂಡಾಗಿ ಸುತ್ತಿಕೊಳ್ಳುತ್ತದೆ. ಇನ್ಶಿರಾಹ್‌ಗೆ ಸಂಬಂಧ ಕೇಳಿಕೊಂಡು ಬಂದ ಎರಡು ಮನೆಯವರು ಈ ಚೆಂಡು ಕಂಡು ಮೆಟ್ಟಿಲಿಳಿದಿದ್ದರು. ಅವಳು ಆ ಎರಡು ಸಲವೂ ಬಾಗಿಲು ಹಾಕಿ ನಕ್ಕಿದ್ದಳು.

ಆಮೇಲಿನ ವಾರಗಳು ನಿಧಾನವಾಗಿ ಕಳೆದವು. ಬಸ್ಯೂನಿ ಪೆಟ್ಟಿಗೆಯ ಕೋಣೆಗೆ ಕಾಲಿಡಲಿಲ್ಲ. ಹೊಸಿಲಿನ ಹೊರಗೆ ಚಾಪೆ ಹಾಸಿ ಕೂತು, ಗಾಜಿನ ಗೂಡಿನಲ್ಲಿದ್ದ ಬಸ್ಬೂಸಾಳನ್ನು ನೋಡುತ್ತಿದ್ದ. ಮೊಟ್ಟೆ ತೆಗೆದು ಎಷ್ಟು ದಿನವಾದರೂ ಅವಳು ಅದೇ ಮೂಲೆಯಲ್ಲಿ, ನಡುವೆ ಖಾಲಿ ಜಾಗ ಬಿಟ್ಟು, ಸುತ್ತಿಕೊಂಡು ಮಲಗುತ್ತಿದ್ದಳು.

ಎರಡನೇ ಮಹಡಿಯ ಉಮ್ ಹಿಲಾಲ್ ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಬಿಡುತ್ತಿರಲಿಲ್ಲ.

"ಏನ್ ಉಸ್ತಾ, ಮೊಮ್ಮಕ್ಕಳು ಯಾವಾಗ? ತೊಟ್ಟಿಲು ಬೇಕಾದ್ರೆ ನಮ್ಮನೇಲಿದೆ. ಉದ್ದಕ್ಕೆ ಸಾಲದೇನೋ ಅಷ್ಟೆ."

"ನಿನ್ನ ಮೊಮ್ಮಕ್ಕಳ ಗದ್ದಲಕ್ಕಿಂತ ವಾಸಿ ಬಿಡು. ಇವು ಅಳಲ್ಲ."

"ಅಲ್ಲ, ಕೋಳಿ ಬಿಟ್ಟು ಹಾವಿಗಿಳಿದೆಯಲ್ಲ! ಮುಂದೆ ಏನು, ಮೊಸಳೆನಾ?"

"ಕಾಲುವೆಯಾಚೆ ಕಾಲೊನಿಯಲ್ಲಿ ಆಗಲೇ ಸಾಕಿದಾರೆ. ಸೂಟು ಹಾಕ್ಕೊಂಡು ಓಡಾಡ್ತವೆ."

ಉಮ್ ಹಿಲಾಲ್ ತಲೆವಸ್ತ್ರದ ತುದಿ ಬಾಯಿಗೆ ಒತ್ತಿ ನಗುತ್ತಿದ್ದಳು. ಕಾಲುವೆಯಾಚೆಯ ಆ ಹೊಸ ಕಾಲೊನಿಗೆ ಹಸಿರು ಗೇಟು, ಗೇಟಿಗೆ ಕಾವಲು. ದೇಶಕ್ಕೆ ಕರೆಂಟು ಸಾಲದು, ಎಲ್ಲರೂ ತ್ಯಾಗ ಮಾಡಬೇಕು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ದಿನಾ ಮಧ್ಯಾಹ್ನ ಮೂರರಿಂದ ಐದು ಈಚೆ ದಡ ತ್ಯಾಗ ಮಾಡುತ್ತಿತ್ತು. ಆಚೆ ದಡದಲ್ಲಿ ಹಗಲಲ್ಲೇ ಕಾರಂಜಿ ಚಿಮ್ಮುತ್ತಿತ್ತು.

ನೂಲಿನೆಳೆಯ ಮೊಟ್ಟೆ, ಹಾವು ಇಟ್ಟ ಮೂವತ್ತನೆಯ ದಿನ, ಕುಸಿದು ಹಸಿರಾಯಿತು. ಇನ್ಶಿರಾಹ್ ಅದನ್ನೂ ತೆಗೆದು ಕಾಗದದಲ್ಲಿ ಸುತ್ತಿದಳು. ಆ ದಿನ ಬಸ್ಯೂನಿ ಊಟ ಬಿಟ್ಟ. ಉಳಿದದ್ದು ಗೊಂಚಲಿನ ಐದು, ಅವನು ಮಗುಚಿದ್ದರಲ್ಲಿ ಒಂದು. ಆ ಒಂದು ಸತ್ತರೆ, ತನ್ನ ಕೈ ತಾಗಿದ್ದೆಲ್ಲ ಸತ್ತಿತು ಎಂದೇ ಲೆಕ್ಕ. ಐವತ್ತು ವರ್ಷದ ಕಸುಬಿಗೆ ಅದೇ ಕೊನೆಯ ಮಾತಾಗುತ್ತದೆ.

ಐವತ್ತನೆಯ ದಿನ ಜುಲೈ ತಿಂಗಳ ಬಿಸಿಲು ಕಾಂಕ್ರೀಟು ತಾರಸಿಯ ಮೇಲೆ ಕೂತೇಬಿಟ್ಟಿತು. ಬೆಳಿಗ್ಗೆ ಇನ್ಶಿರಾಹ್ ಪೆಟ್ಟಿಗೆಯ ಸುತ್ತ ಐಸ್ ಗಟ್ಟಿದ ನಾಲ್ಕು ಬಾಟಲಿ ಇಟ್ಟು ಹೋಗಿದ್ದಳು. ಮೂರಕ್ಕೆ ಕರೆಂಟು ಹೋಯಿತು. ಐದಕ್ಕೆ ಬರಲಿಲ್ಲ, ಫ್ಯಾನಿಲ್ಲದೆ ಕೋಣೆ ಕಾಯತೊಡಗಿತು. ಬಸ್ಯೂನಿ ಹೊಸಿಲಿನಾಚೆಯಿಂದ ಕತ್ತು ಚಾಚಿ ನೋಡಿದ. ಪೆಟ್ಟಿಗೆಯ ಹಣೆಯ ಮೇಲೆ ಕೆಂಪಗೆ ಹೊಳೆಯುತ್ತಿದ್ದ ಶಾಖದ ಅಂಕಿ ಸತ್ತುಹೋಗಿತ್ತು. ಬಾಟಲಿಗಳಲ್ಲಿ ಐಸಿರಲಿ, ತಣ್ಣಗಿನ ನೀರೂ ಇರಲಿಲ್ಲ. ಮಗಳಿಗೆ ಫೋನು ಮಾಡಿದ, ಸಿಗ್ನಲ್ಲೇ ಇಲ್ಲ. ಮತ್ತೆ ಮಾಡಿದ.

ಆಣೆಯ ನೆನಪಾಯಿತು. ಕೈ ತಾಗಬಾರದು ಎಂದಿದ್ದಳು. ಬಸ್ಯೂನಿ ಒಳಗೆ ಹೋಗಿ, ಮಂಡಿಯೂರಿ, ಎರಡೂ ಕೈ ಬೆನ್ನ ಹಿಂದೆ ಹಿಡಿದು, ಮುಚ್ಚಳವನ್ನು ಗದ್ದದಿಂದ ಸರಿಸಿದ. ಯಾರಾದರೂ ನೋಡಿದ್ದರೆ ಮುದುಕನಿಗೆ ತಲೆ ಕೆಟ್ಟಿತು ಎನ್ನುತ್ತಿದ್ದರು. ಐವತ್ತು ವರ್ಷ ಮೊಟ್ಟೆಯನ್ನು ಕಣ್ಣಿನ ಬಳಿಗೆ ತಂದವನು ಈಗ ಕಣ್ಣನ್ನು ಮೊಟ್ಟೆಯ ಬಳಿಗೆ ಒಯ್ದ. ತಲೆಯನ್ನು ಪೆಟ್ಟಿಗೆಯೊಳಗೆ ತಗ್ಗಿಸಿ, ಉಸಿರು ಹಿಡಿದು, ಒದ್ದೆ ಸಿಪ್ಪೆಗೆ ರೆಪ್ಪೆ ಆನಿಸಿದ.

ಕುಡಿಯಲು ಮರೆತ ಚಹಾದ ಶಾಖವಲ್ಲ. ಕೋಳಿಮೊಟ್ಟೆಯ ಶಾಖ. ಕೋಳಿಗೆ ಅದು ಜೀವ, ಇವಕ್ಕೆ ಅದು ಸಾವು. ತಪ್ಪು ಮಾಡಿದ ಆ ಹನ್ನೊಂದು ದಿನ ರೆಪ್ಪೆಗೆ ಒತ್ತಿ ಕಲಿತದ್ದು ಈಗ ಚುರ್ರೆಂದು ನೆನಪಿಗೆ ಬಂತು.

"ಕ್ಷಮಿಸೇ," ಎಂದ ತೀರಿಹೋದ ಹೆಂಡತಿಗೆ, ಮತ್ತು ಪೆಟ್ಟಿಗೆಯನ್ನು ಎರಡೂ ತೋಳಿನಲ್ಲಿ ತಬ್ಬಿ ಎತ್ತಿದ.

ನಾಲ್ಕು ಮಹಡಿ. ಮರಿಗೂಡಿನ ಕಿಂಡಿಗಳಲ್ಲಿ ತೆವಳುತ್ತ, ಮುನ್ನೂರು ಮೊಟ್ಟೆಯ ಬುಟ್ಟಿಯನ್ನು ಅಲುಗದ ಹಾಗೆ ಒಯ್ದ ಮೈ ಅದು. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ತುಂಬಿದ ಬಟ್ಟಲು ಹಿಡಿದವನಂತೆ ಇಳಿದ. ಉಮ್ ಹಿಲಾಲ್ ಬಾಗಿಲಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು.

"ಏನದು ಉಸ್ತಾ, ಐಸ್‌ಕ್ರೀಮಾ? ನಂಗೊಂದು ಕೊಟ್ಟು ಹೋಗು."

"ದಾರಿ ಬಿಡು, ಬಸುರಿ ಬರ್ತಿದಾಳೆ."

"ಅಯ್ಯೋ, ಹಾವಾ!" ಎಂದು ಅವಳು ಕಾಲು ಮೇಲೆಳೆದುಕೊಂಡಳು. ಆದರೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಏನು ಬೇಕು ಹೇಳು."

"ಒಂದು ಗೋಣಿ. ಒದ್ದೆ ಮಾಡಿ ತಾ."

ಕೆಳಗೆ, ಮೆಟ್ಟಿಲಿನ ಅಡಿಯ ನೆರಳಿನಲ್ಲಿ, ದಾರಿಹೋಕರಿಗೆ ನೀರಿಡುವ ದೊಡ್ಡ ಮಣ್ಣಿನ ಹಂಡೆ. ಅದರ ಮೈ ಯಾವಾಗಲೂ ಬೆವರುತ್ತಿರುತ್ತದೆ, ಬುಡದ ಮರಳು ಯಾವಾಗಲೂ ಒದ್ದೆ. ಅದಕ್ಕೆ ಕರೆಂಟು ಬೇಡ, ಯಾರ ಅಪ್ಪಣೆಯೂ ಬೇಡ. ಬಸ್ಯೂನಿ ಪೆಟ್ಟಿಗೆಯನ್ನು ಹಂಡೆಗೆ ತಾಗಿಸಿ ಇಟ್ಟ. ಉಮ್ ಹಿಲಾಲ್ ಮೂಗು ಮುಚ್ಚಿಕೊಂಡು ಬಂದು ಗೋಣಿ ಹೊದಿಸಿದಳು. ಅವನು ಮುಚ್ಚಳ ಓರೆ ಮಾಡಿ ರೆಪ್ಪೆ ಆನಿಸಿ ನೋಡಿದ. ಇನ್ನೂ ಬಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಇಳಿಯುತ್ತಿದೆ. ಮತ್ತೆ. ಹೆಚ್ಚೇ ತಣ್ಣಗಾಯಿತು ಅನ್ನಿಸಿದಾಗ ಪೆಟ್ಟಿಗೆಯನ್ನು ಹಂಡೆಯಿಂದ ಎರಡು ಬೆರಳು ದೂರ ಸರಿಸಿದ. ಒಲೆಯ ಕಿಂಡಿಗೆ ಹುಲ್ಲು ತುರುಕುವುದು, ತೆಗೆಯುವುದು. ಅದೇ ಕೆಲಸ, ಬೇರೆ ಒಲೆ.

ಆರೂವರೆಗೆ ಇನ್ಶಿರಾಹ್ ದೊಡ್ಡ ರಸ್ತೆಯಿಂದ ಓಡುತ್ತ ಬಂದಳು. ಹಂಡೆಯ ಪಕ್ಕ ಅಪ್ಪನನ್ನು, ಅವನ ಪಕ್ಕ ಪೆಟ್ಟಿಗೆಯನ್ನು ಕಂಡು ನಿಂತುಬಿಟ್ಟಳು.

"ಮುಟ್ಟಬೇಡ ಅಂದಿದ್ದೆ."

"ಮುಟ್ಟಿದೆ."

"ಗುರುತು?"

"ಮೇಲಿದೆ. ನೋಡ್ಕೋ."

ಅವಳು ನೋಡಿದಳು. ಆರೂ ಮೇಲೇ ಇದ್ದವು. ಚೀಲದಿಂದ ಲ್ಯಾಬಿನ ಥರ್ಮಾಮೀಟರು ತೆಗೆದು ಮೊಟ್ಟೆಗಳ ನಡುವೆ ಇಟ್ಟಳು, ಕಾದಳು, ತೆಗೆದು ಬೆಳಕಿಗೆ ಹಿಡಿದಳು. ಮೂವತ್ತೆರಡು. ಪುಸ್ತಕದಲ್ಲಿ ಬರೆದಿಟ್ಟಷ್ಟೇ. ಇನ್ನೊಮ್ಮೆ ಇಟ್ಟು ನೋಡಿದಳು. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಉಮ್ ಹಿಲಾಲ್ ಹಂಡೆಯಿಂದ ನೀರು ಮೊಗೆದು ಕೊಟ್ಟಳು, ಕುಡಿದಳು.

ಲೋಟ ಕೆಳಗಿಟ್ಟು ಕೇಳಿದಳು, "ಅಪ್ಪಾ, ಕೋಳಿಮೊಟ್ಟೆ ಯಾಕೆ ಮಗುಚ್ತೀರಿ?"

"ಕೋಳಿ ಮಗುಚುತ್ತೆ, ಅದಕ್ಕೆ. ಕೊಕ್ಕಲ್ಲಿ ಮೆಲ್ಲಗೆ ನೂಕಿ. ಅದನ್ನ ನೋಡೇ ಹಿರೀಕರು ಕಲಿತದ್ದು."

"ಬಸ್ಬೂಸಾ ಮಗುಚಲ್ಲಪ್ಪ. ಸುತ್ಕೊಂಡು ಸುಮ್ನೆ ಇರ್ತಾಳೆ."

"ಹೂಂ. ಈಗ ನೋಡಿದೆ ನಾನು, ಹೊಸಿಲಾಚೆ ಕೂತು. ಮೊದ್ಲು ನೋಡ್ಬೇಕಿತ್ತು."

ಅವನಿಗೆ ಮರಿಗೂಡು ಕೆಡವಲು ಬಂದ ಅಧಿಕಾರಿಯ ನೆನಪಾಗಿತ್ತು. ಕೈಯಲ್ಲಿ ಕಾಗದ, ಕಾಲಲ್ಲಿ ಹೊಳೆಯುವ ಬೂಟು. ಒಂದೇ ಒಂದು ಸಲ ಕಿಂಡಿಯಲ್ಲಿ ತಲೆ ತೂರಿಸಿ ಒಳಗೆ ನೋಡಿರಲಿಲ್ಲ ಅವನು. ನೋಡದೆ ಕೈ ಹಾಕಿದ್ದ. ಆ ಮನುಷ್ಯನ ಜೊತೆ ತನ್ನನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಕೊಳ್ಳಲು ಬಸ್ಯೂನಿಗೆ ಕಷ್ಟವಾಯಿತು. ಆದರೂ ನಿಲ್ಲಿಸಿದ. ಒಂದು ವ್ಯತ್ಯಾಸ ಉಳಿದಿತ್ತು: ಆ ಅಧಿಕಾರಿ ತಿರುಗಿ ಬಂದು ನೋಡಲಿಲ್ಲ.

ಐವತ್ತೆಂಟನೆಯ ದಿನ, ಶುಕ್ರವಾರ, ಗೊಂಚಲಿನಲ್ಲಿ ಮೊದಲ ಸಿಪ್ಪೆ ಸೀಳಿತು. ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಗೆರೆ, ಅದರೊಳಗಿಂದ ಒದ್ದೆ ಮೂಗು. ಸಂಜೆಯೊಳಗೆ ಐದೂ ಮೂಗು ತೂರಿಸಿದ್ದವು. ಉಮ್ ಹಿಲಾಲ್ ಎರಡು ಮಹಡಿ ಹತ್ತಿ ಬಂದು, ಬಾಗಿಲ ಹೊರಗಿನಿಂದಲೇ ನೋಡಿ, "ಛೀ, ಚೆನ್ನಾಗಿವೆ," ಎಂದು ಹೋದಳು.

ಆರನೆಯದು ಹಾಗೇ ಇತ್ತು. ಶನಿವಾರ ಇಲ್ಲ. ಭಾನುವಾರವೂ ಇಲ್ಲ. ಐದು ಮರಿ ಸಿಪ್ಪೆ ಬಿಟ್ಟು ಹೊರಬಂದು ಒದ್ದೆ ಬಟ್ಟೆಯ ಮೇಲೆ ಸುತ್ತಿಕೊಂಡವು. ಇನ್ಶಿರಾಹ್ ಲ್ಯಾಬಿಗೆ ರಜೆ ಹಾಕಿದಳು. ಶೌಕತ್ ಫೋನಿನಲ್ಲಿ ಹೇಳಿದ: "ಕತ್ತರಿಸಿ ನೋಡು ತಾಯಿ. ಸತ್ತಿದ್ರೆ ಸತ್ತಿರುತ್ತೆ. ಬದುಕಿದ್ರೂ ಅದಕ್ಕೆ ದಾರಿ ಸಿಗ್ತಿರಲ್ಲ, ಮಗುಚಿದ ಮೊಟ್ಟೆ ಅಲ್ವ."

ಅವಳು ಉಗುರು ಕತ್ತರಿಯನ್ನು ಬಿಸಿ ನೀರಲ್ಲಿ ಅದ್ದಿ ಒರೆಸಿದಳು. ಮೊಟ್ಟೆಯ ಮೇಲೆ ಬಾಗಿದಳು. ಕೈ ಅಲ್ಲೇ ನಿಂತಿತು. ಹೊಸಿಲಾಚೆಯ ಚಾಪೆಯ ಕಡೆ ತಿರುಗಿದಳು.

"ಅಪ್ಪಾ, ಬಾ. ಕಣ್ಣಿಗೆ ಹಿಡಿದು ನೋಡು."

ಅವನು ಎದ್ದು ಬಂದ. "ಎತ್ತಲಾ?"

"ಎತ್ತಬೇಡ!"

"ಕೇಳಿದೆ ಅಷ್ಟೆ," ಎಂದ. ಇಬ್ಬರಿಗೂ ನಗು ಬಂತು, ಬಹಳ ದಿನಕ್ಕೆ.

ಮಂಡಿಯೂರಿ, ತಲೆ ತಗ್ಗಿಸಿ, ರೆಪ್ಪೆ ಆನಿಸಿದ. ಶಾಖ ಸರಿಯಿತ್ತು. ಸತ್ತದ್ದಕ್ಕೂ ಪೆಟ್ಟಿಗೆಯ ಶಾಖ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ಉಸಿರು ಬಿಗಿಹಿಡಿದು ಕಾದ. ಮಗಳು ಏನೋ ಕೇಳಲು ಹೋದಳು, ಬೆರಳೆತ್ತಿ ತಡೆದ. ಹೊರಗೆ ಹಳೇ ಸಾಮಾನಿನವನ ಕೂಗು ಬಂದು ಹೋಯಿತು. ಆಗ ರೆಪ್ಪೆಯ ಕೆಳಗೆ, ಸಿಪ್ಪೆಯ ಆಚೆಗೆ, ಏನೋ ಒತ್ತಿತು. ನಿಂತಿತು. ಮತ್ತೆ ಒತ್ತಿತು, ಮೇಲಿನಿಂದಲ್ಲ, ಪಕ್ಕದಿಂದ.

"ಕತ್ತರಿ ಒಳಗಿಡು," ಎಂದ ಬಸ್ಯೂನಿ. "ದಾರಿ ಹುಡುಕ್ತಿದೆ."

"ಖಂಡಿತಾನಾ?"

"ನನ್ನ ಮಾತು ನಂಬಬೇಡ. ನಿನ್ನ ಕಣ್ಣು ಇಡು."

ಅವಳು ಹಿಂಜರಿದಳು. ಆಮೇಲೆ ಕೂದಲು ಹಿಂದಕ್ಕೆ ಕಟ್ಟಿ, ಅವನು ಬಾಗಿದ ಹಾಗೇ ಬಾಗಿ, ರೆಪ್ಪೆ ಆನಿಸಿದಳು. ಹುಟ್ಟಿದಾಗಿನಿಂದ ಅಪ್ಪ ಮಾಡುವುದನ್ನು ನೋಡಿದ್ದಳು, ಒಮ್ಮೆಯೂ ತಾನು ಮಾಡಿರಲಿಲ್ಲ. ಹೆಣ್ಣುಮಕ್ಕಳನ್ನು ಮರಿಗೂಡಿನ ಒಲೆಯೊಳಗೆ ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ತುಟಿ ಅರೆ ತೆರೆಯಿತು. ಕತ್ತರಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

ಮೂರಕ್ಕೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಇಬ್ಬರೂ ಏಳಲಿಲ್ಲ. ನಾಲ್ಕರ ಸುಮಾರಿಗೆ ಸಿಪ್ಪೆ ಸೀಳಿತು. ಪೆನ್ಸಿಲ್ ಗುರುತಿನ ಹತ್ತಿರ ಎಲ್ಲೂ ಅಲ್ಲ. ಪಕ್ಕದಲ್ಲಿ, ತೀರ ಕೆಳಗೆ, ಯಾರೂ ಕಾಯದಿದ್ದ ಕಡೆ. ರವೆ ಮಿಠಾಯಿ ಬಣ್ಣದ ಮೂಗು ಹೊರಬಂತು. ಒಂದು ಗುಳ್ಳೆ ಉಬ್ಬಿ ಒಡೆಯಿತು. ಮರಿ ಮೊದಲ ಉಸಿರೆಳೆದು, ಅಲ್ಲೇ ತಲೆಯಿಟ್ಟು ಸುಸ್ತಾದಂತೆ ನಿಂತಿತು.

"ಸ್ವಲ್ಪ ಎಳೀಲಾ ಅಪ್ಪ? ಕಷ್ಟಪಡ್ತಿದೆ ನೋಡು."

ಬಸ್ಯೂನಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡಮ್ಮ," ಎಂದ. "ನೋಡೋಣ."